ಕಣದ ಮೇಲಿನ ಕೊನೆಯ ಗುಂಡಿ

ಆ ಶುಕ್ರವಾರ ಕ್ಯಾಂಟೀನಿನಲ್ಲಿ ನಾನು ನಮ್ಮ ಮ್ಯಾನೇಜರ್ ಆಗಿದ್ದೆ. ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೆ ಎರಡು ಸಲ ಎಳೆದು, ಗಂಟಲು ಕೆರೆದು, ಛಾವಣಿ ಏನೋ ತಪ್ಪು ಮಾಡಿದೆ ಎಂಬಂತೆ ಅದನ್ನು ದುರುಗುಟ್ಟಿ ನೋಡಿ, "ಏನ್ರೀ ಇದು?" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಟ್ಟಿಗೇ ನಗು ನಿಲ್ಲಿಸಿದರು. ಹಿಂದೆ ತಿರುಗಿದರೆ ಅಸಲಿ ಮ್ಯಾನೇಜರ್.

"ಭಾನುವಾರ ಒಂಬತ್ತಕ್ಕೆ ಗಾಲ್ಫ್ ಮೈದಾನಕ್ಕೆ ಬಾ. ಕ್ಯಾನ್ವಾಸ್ ಶೂ ಹಾಕ್ಕೊಂಡು."

ಅಷ್ಟೇ ಹೇಳಿ ಹೋದರು. ಪೀಣ್ಯದ ಲೇತ್ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ನಾನು ಎರಡು ವರ್ಷದಿಂದ ಲೇತ್ ಮೇಲೆ ಟ್ರೈನಿ. ಸೋಮವಾರ ಇವರೇ ಸಹಿ ಹಾಕಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ಈಗ ಭಾನುವಾರ ಗಾಲ್ಫಂತೆ! ಇದು ಶಿಕ್ಷೆಯೋ, ಪರೀಕ್ಷೆಯೋ, ಬಹುಮಾನವೋ? ಬಾಗಲಗುಂಟೆಯ ಬಾಡಿಗೆ ರೂಮಿನಲ್ಲಿ ನನ್ನ ಜೊತೆಗಾರನನ್ನು ಕೇಳಿದೆ. "ಮಗಾ, ಚೆನ್ನಾಗ್ ಆಡ್ಬಿಡು. ಖುಷಿಯಾಗಿ ಸೈನ್ ಹಾಕ್ತಾರೆ" ಎಂದ. ಅವನಿಗೂ ಗಾಲ್ಫ್ ಅಂದರೆ ಏನೆಂದು ಗೊತ್ತಿರಲಿಲ್ಲ.

ಮೈದಾನ ಪೀಣ್ಯದಾಚೆ, ನೀಲಗಿರಿ ತೋಪಿನ ಹಿಂದೆ ಇತ್ತು. ಮೆಂಬರುಗಳದ್ದೇ ಜಾಗ, ಆದರೆ ಟಿಕೆಟ್ ತೆಗೆದುಕೊಂಡರೆ ಹೊರಗಿನವರೂ ಆಡಬಹುದು. ದನಗಳಿಗೆ ಟಿಕೆಟ್ ಬೇಕಿರಲಿಲ್ಲ. ಒಟ್ಟು ಒಂಬತ್ತು ಗುಂಡಿ. ಹುಲ್ಲಿಗೆ ನೀರಿಲ್ಲದ್ದರಿಂದ ಪ್ರತಿ ಗುಂಡಿಯ ಸುತ್ತ ಮರಳಿಗೆ ಹಳೇ ಎಣ್ಣೆ ಬೆರೆಸಿ, ರೋಲರ್ ಹೊಡೆದು, ಸಾರಿಸಿದ ಅಂಗಳದಂತೆ ನುಣ್ಣಗೆ ಮಾಡಿದ್ದರು. ಅದಕ್ಕೆ ಬ್ರೌನು ಎನ್ನುತ್ತಿದ್ದರು.

ಮ್ಯಾನೇಜರ್ ಜೊತೆ ಹೊಸೂರಿನಿಂದ ಬಂದ ಅತಿಥಿಯೊಬ್ಬರಿದ್ದರು. ನಮ್ಮ ಲೇತುಗಳನ್ನು ಕೊಳ್ಳಲಿದ್ದ ದಪ್ಪನೆಯ, ಹಸನ್ಮುಖದ ಮನುಷ್ಯ. ನಾನು ಮೂರನೆಯವನು.

"ಕಡಿಮೆ ಏಟಲ್ಲಿ ಯಾರು ಗುಂಡಿಗೆ ಹಾಕ್ತಾರೋ ಅವ್ರು ಗೆದ್ದಂಗೆ" ಎಂದರು ಮ್ಯಾನೇಜರ್.

ಎರಡು ವರ್ಷ "ಜಾಸ್ತಿ ಹೊಡಿ, ಜಾಸ್ತಿ ಹೊಡಿ" ಎಂದು ಪೀಸು ಲೆಕ್ಕ ಹಾಕಿದ ಬಾಯಿಂದಲೇ ಈ ಮಾತು!

ನನ್ನ ಮೊದಲ ಏಟು ಗಾಳಿಗೆ ಬಿತ್ತು. ಎರಡನೆಯದು ನೆಲಕ್ಕೆ. ಮೂರನೆಯದಕ್ಕೆ ಚೆಂಡು ಲಂಟಾನಾ ಪೊದೆಗೆ ಹೋಯಿತು. ಹುಡುಕಲು ಅರ್ಧ ಗಂಟೆ. ವಿಚಿತ್ರವೆಂದರೆ ಮ್ಯಾನೇಜರ್ ಮುಖದಲ್ಲಿ ಸಂತೋಷ. "ಪರವಾಗಿಲ್ಲ ಕಣೋ, ನಿಧಾನ" ಎಂದು ಬೆನ್ನು ತಟ್ಟಿದರು. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಪೀಸನ್ನು ಎಸೆಯುತ್ತಿದ್ದವರು! ನನ್ನ ಖಾಯಂ ಕಾಗದ ಆ ಪೊದೆಯೊಳಗೇ ಉಳಿಯಿತು ಎಂದುಕೊಂಡೆ.

ಮೂರನೇ ಗುಂಡಿಯ ಹೊತ್ತಿಗೆ ಬುದ್ಧಿ ಬಂತು. ನನಗೆ ಹೊಡೆಯಲು ಬರುವುದಿಲ್ಲ, ಸರಿ. ಮ್ಯಾನೇಜರ್‌ಗೆ ಬರುತ್ತದಲ್ಲ? ಪ್ಯಾಂಟು ಎರಡು ಸಲ ಮೇಲೆಳೆದೆ. ಗಂಟಲು ಕೆರೆದೆ. ಆಕಾಶವನ್ನು ದುರುಗುಟ್ಟಿದೆ. ಅವರ ಸೊಂಟ ತಿರುಗುವ ಹಾಗೆ ಸೊಂಟ ತಿರುಗಿಸಿ ಬೀಸಿದೆ. ಚೆಂಡು ಟಣ್ಣೆಂದು ಹಾರಿ ಬ್ರೌನಿನ ಪಕ್ಕ ಬಿತ್ತು. ನನಗೇ ಗಾಬರಿಯಾಯಿತು. ಅಲ್ಲಿಂದ ಪ್ರತಿ ಏಟಿಗೂ ಪ್ಯಾಂಟು, ಗಂಟಲು, ಆಕಾಶ. ನಾನು ಚೆನ್ನಾಗಿ ಆಡಿದಷ್ಟೂ ಮ್ಯಾನೇಜರ್ ಮುಖ ಕಪ್ಪಿಟ್ಟಿತು. ನನ್ನ ತಲೆ ಪೂರಾ ಕೆಟ್ಟಿತು.

ಎಂಟನೇ ಗುಂಡಿಯಲ್ಲಿ ಅತಿಥಿ ಹೊಟ್ಟೆ ಹಿಡಿದು ನಕ್ಕರು. "ಅಯ್ಯೋ ಸಾರ್, ಇವನು ಅಚ್ಚು ನಿಮ್ ಥರಾನೇ ಹೊಡೀತಾನಲ್ಲ ಸಾರ್! ಆ ಪ್ಯಾಂಟ್ ಎಳೆಯೋದು ಕೂಡ!"

ಮ್ಯಾನೇಜರ್ ನನ್ನ ಕಿವಿಯ ಬಳಿ ಹಲ್ಲು ಕಚ್ಚಿ ಹೇಳಿದರು: "ಇನ್ಮೇಲೆ ನಿನ್ ಥರ ನೀನು ಹೊಡಿ."

ಅಷ್ಟರಲ್ಲಿ ಮ್ಯಾನೇಜರ್ ಬಹಳ ಮುಂದೆ, ಹಿಂದೆ ನಾನೂ ಅತಿಥಿಯೂ ಸಮ ಸಮ. ಕೊನೆಯ ಗುಂಡಿಗೆ ನನ್ನ ಥರವೇ ಹೊರಟೆ. ಮೊದಲ ಏಟಿಗೆ ಚೆಂಡು ಒಂದು ಬಂಡೆಗೆ ಬಡಿದು ತಾನೇ ಮುಂದಕ್ಕೆ ಹಾರಿತು, ದೇವರು ದೊಡ್ಡವನು. ನಾಲ್ಕು ಏಟಿಗೆ ಬ್ರೌನಿನ ಅಂಚು ಸೇರಿದೆ. ಅತಿಥಿ ಆಚೆ ಬದಿಯಿಂದ ಬಂದು ಆರು ಏಟಿಗೆ ಮುಗಿಸಿಬಿಟ್ಟಿದ್ದರು. ಇನ್ನೊಂದೇ ಏಟಿಗೆ ಹಾಕಿದರೆ ನಾನು ಅವರನ್ನು ಗೆದ್ದಂತೆ.

ಆದರೆ ನನಗೂ ಗುಂಡಿಗೂ ಮಧ್ಯೆ, ಅರ್ಧ ಬ್ರೌನಿನ ತುಂಬ ಹುರುಳಿ ಹರಡಿತ್ತು. ಪಕ್ಕದಲ್ಲಿ ಮೊರ ಹಿಡಿದ ಅಜ್ಜಿ.

"ಅಜ್ಜೀ, ಇದು ಆಡೋ ಜಾಗ."

"ಅನ್ನೆರಡು ಒಡೀತು. ಒತ್ತು ನೆತ್ತಿ ಮೇಲ್ ಬಂದ್ಮೇಲೆ ಇದು ನಮ್ ಕಣ ಕಣಪ್ಪಾ. ಜಮೀನ್ ಬಾಡ್ಗೆಗೆ ಕೊಟ್ಟಾಗ್ಲೇ ಏಳಿವ್ನಿ, ಸುಗ್ಗೀಲಿ ಇಂಗೇ ಅಂತ. ನಿಮ್ ಸಾಯೇಬ್ರುನ್ನೇ ಕೇಳು."

ಮ್ಯಾನೇಜರ್ ತಲೆಯಾಡಿಸಿದರು. ಕರಾರು ನಿಜವಂತೆ.

ನಾನು ಅವಳ ದನಿಯಲ್ಲೇ ಶುರುಮಾಡಿದೆ: "ಅಂಗಲ್ಲ ಕಣಜ್ಜೀ, ಒಂದೇ ಏಟು, ಇಂಗ್ ಒಡ್ದು ಅಂಗ್ ಒಂಟೋಯ್ತೀನಿ."

"ಅಣಕಿಸ್ತೀಯಾ, ಮೂತಿ ನೋಡು! ಒಡಿ. ಚೆಲ್ಲಿದ್ ಒಂದೊಂದ್ ಕಾಳೂ ನೀನೇ ಆಯ್ಬೇಕು."

ಜನ್ಮದಲ್ಲೇ ಅಷ್ಟು ಗಮನವಿಟ್ಟು ನಾನು ಏನನ್ನೂ ಮಾಡಿರಲಿಲ್ಲ. ಗುಂಡಿ ನೋಡಿದೆ, ಚೆಂಡು ನೋಡಿದೆ, ಖಾಯಂ ಕಾಗದ ನೆನೆದೆ, ಹೊಡೆದೆ. ಚೆಂಡು ನೆಟ್ಟಗೆ ಹುರುಳಿಯೊಳಗೆ ನುಗ್ಗಿ ಕೂತಿತು. ಐದು. ಮತ್ತೊಂದು ಏಟಿಗೆ ಹುರುಳಿ ಹಾರಿತೇ ಹೊರತು ಚೆಂಡು ಅಲುಗಲಿಲ್ಲ. ಆರು. ಎಂಟಕ್ಕೆ ಅಂತೂ ಗುಂಡಿ ಸೇರಿತು. ಅತಿಥಿ ಎರಡೂ ಕೈ ಮೇಲೆತ್ತಿ ಕುಣಿದರು. ನಾನು ಮೊಣಕಾಲೂರಿ ಕಾಳು ಆಯ್ದೆ. "ಅಲ್ಲೊಂದೈತೆ. ಕಾಲಡಿ ನೋಡು" ಎಂದು ಅಜ್ಜಿ ತೋರಿಸುತ್ತಿದ್ದಳು.

ಸೋಮವಾರ ಮ್ಯಾನೇಜರ್ ಕರೆದರು. ಮೇಜಿನ ಮೇಲೆ ಕಾಗದ, ಸಹಿ ಹಾಕಿದ್ದು. ನನಗೆ ನಂಬಿಕೆಯೇ ಆಗಲಿಲ್ಲ.

"ನಿನ್ನನ್ಯಾಕೆ ಕರೆದಿದ್ದೆ ಹೇಳು? ಅವ್ರು ಬಂದಾಗಲೆಲ್ಲ ನನ್ನ ಹತ್ರ ಸೋತು ಮುಖ ಊದಿಸ್ಕೊಂಡು ಹೋಗ್ತಾರೆ. ಅವ್ರಿಗಿಂತ ಕೆಟ್ಟದಾಗಿ ಆಡೋನು ಒಬ್ಬ ಬೇಕಿತ್ತು. ನೀನು ನೋಡಿದ್ರೆ ನನ್ನ ಪ್ರಾಣ ತೆಗೆದೆ. ಆದ್ರೂ ಕೊನೇಲಿ ಅರ್ಥ ಮಾಡ್ಕೊಂಡೆಯಲ್ಲ." ಅವರು ಕುರ್ಚಿಗೆ ಒರಗಿದರು. "ಬರದೇ ಇರೋನ ಥರ ಏನು ಆಕ್ಟಿಂಗು ಕಣೋ! ಕ್ಯಾಂಟೀನಲ್ಲಿ ನನ್ನ ಥರ ಮಾಡಿದ್ದು ಸುಮಾರು. ಇದು ಸಕ್ಕತ್ತಾಗಿತ್ತು."

ಅದು ಆಕ್ಟಿಂಗ್ ಅಲ್ಲ ಸಾರ್ ಎಂದು ಹೇಳಲು ಬಾಯಿ ತೆರೆದೆ. ಕಾಗದ ಇನ್ನೂ ಅವರ ಕೈಯಡಿಯೇ ಇತ್ತು.

"ಥ್ಯಾಂಕ್ಸ್ ಸಾರ್" ಎಂದೆ.