ಒಂದೇ ಗಡಿಗೆಯ ಸಾರು

ಇವತ್ತು ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹಾಕಿ, ಹಾಲು ಕಾಯಿಸಿ, ಒಲೆಯ ಮೇಲೆ ಎರಡು ಪಾತ್ರೆ ಇಟ್ಟೆ. ದೊಡ್ಡದು ನಮಗೆ, ಚಿಕ್ಕದು ಅತ್ತೆಗೆ. ಡಾಕ್ಟರು ಉಪ್ಪು ಬಿಡಿಸಿದಾಗಿನಿಂದ ಅತ್ತೆ ತಟ್ಟೆ ಹಿಡಿದು ಕೋಣೆಗೆ ಹೋಗುತ್ತಾರೆ. ಎರಡು ತುತ್ತಿಗೇ ಕೈ ತೊಳೆಯುತ್ತಾರೆ. ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಾರೆ. "ನನಗಂತ ಬ್ಯಾರೆ ಏನೂ ಮಾಡಬ್ಯಾಡವ್ವಾ, ಹಸಿವಿಲ್ಲ," ಎಂದರು. ಅಷ್ಟರಲ್ಲಿ ಚಿಕ್ಕ ಪಾತ್ರೆಯಿಂದ ಬೇಳೆಕಟ್ಟಿನ ಸಪ್ಪೆ ವಾಸನೆ ಎದ್ದಿತು. ಹಾಲಹರವಿಯ ನಮ್ಮಜ್ಜಿಯ ಅಡುಗೆಮನೆಯ ವಾಸನೆ ಅದು.

ಆದೋನಿಯ ಡಾಕ್ಟರು ಅಜ್ಜಿಗೂ ಹೀಗೇ ಉಪ್ಪು ಬಂದ್ ಮಾಡಿಸಿದ್ದರು. ದೊಡ್ಡಮ್ಮ ಆಕೆಗೆಂದು ಬೇರೆ ಗಡಿಗೆ ಇಳಿಸಿದಾಗ ಅಜ್ಜ ಪಡಸಾಲೆಯಿಂದಲೇ ಗದರಿದ್ದ: "ಬ್ಯಾರೆ ಗಡಿಗಿ ಯಾಕ? ಆಕಿ ಏನು ಪರವೂರಾಕಿ ಏನು? ಎಲ್ಲರದೂ ಸಪ್ಪನ್ನ ಮಾಡ್ರಿ." ಅಂದಿನಿಂದ ರೊಟ್ಟಿ, ಪುಂಡಿಪಲ್ಯ, ಸಾರು ಎಲ್ಲವೂ ಸಪ್ಪೆ. ಒಬ್ಬೊಬ್ಬರಿಗೆ ಒಂದೊಂದು ಊಟದ ಡಬ್ಬಿ ಇರುವ ಕಾನ್ವೆಂಟಿನಿಂದ ರಜೆಗೆ ಬರುತ್ತಿದ್ದ ನನಗೆ, ಒಬ್ಬರ ಪಥ್ಯವನ್ನು ಇಡೀ ಮನೆ ಉಣ್ಣುವುದು ಸೋಜಿಗವೇ ಆಗಿತ್ತು. ಚಿಕ್ಕಪ್ಪ ಉಂಡೆದ್ದವನೇ ದೊಡ್ಡಿಗೆ ಹೋಗಿ, ಕುರಿಗಳಿಗೆಂದು ಇಟ್ಟ ಕಲ್ಲುಪ್ಪು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅಜ್ಜಿಗೆ ಗೊತ್ತಾಗದೆ ಇರುತ್ತದೆಯೇ? "ಏ ಟಗರೇ, ಮೇಯಾಕ ಹೋಗಿದ್ದೇನು?" ಎಂದು ನಗುವಳು, ನಗುತ್ತಲೇ ಇನ್ನೊಂದು ರೊಟ್ಟಿ ಮುರಿಯುವಳು. ಅಜ್ಜಿ ಹೋಗಿ, ಕರ್ಮಗಳೆಲ್ಲ ಮುಗಿದ ಮೇಲೆ ಸಾರಿಗೆ ಮತ್ತೆ ಉಪ್ಪು ಬಿತ್ತು. ಮೊದಲ ತುತ್ತಿಗೇ ಎಲ್ಲರ ಕೈ ನಿಂತಿತು. ಉಣ್ಣಲಾರದೆ ಮೊದಲು ಎದ್ದವನು ಚಿಕ್ಕಪ್ಪನೇ. ಈಗ ಆ ದೊಡ್ಡಿಯೂ ಇಲ್ಲ, ಪಡಸಾಲೆ ಪಾಲಾಗಿ ನಡುವೆ ಗೋಡೆ ಎದ್ದಿದೆ. ನಿಮ್ಮ ಕಡೆಯೂ ಅಂಥದೊಂದು ಮನೆ ಇದ್ದಿರಬಹುದು.

ದೊಡ್ಡ ಪಾತ್ರೆಗೆ ಇನ್ನೂ ಉಪ್ಪು ಬಿದ್ದಿರಲಿಲ್ಲ. ಚಿಕ್ಕದರಲ್ಲಿದ್ದುದನ್ನು ಅದಕ್ಕೇ ಸುರಿದು, ಉಪ್ಪಿನ ಡಬ್ಬಿಯನ್ನು ಮೇಲಿಟ್ಟೆ. ಮಧ್ಯಾಹ್ನ ಅತ್ತೆಯನ್ನು ನಮ್ಮ ನಡುವೆಯೇ ಕೂರಿಸಿದೆ. ನಮ್ಮವರು ಮೊದಲ ತುತ್ತಿಗೆ ನನ್ನನ್ನು ನೋಡಿದರು, ತಮ್ಮ ಅವ್ವನನ್ನು ನೋಡಿದರು, ಮುಂದಿನ ತುತ್ತು ಕಲಸಿದರು. ಒಂದೇ ಪಾತ್ರೆಯಿಂದ ಎಲ್ಲರಿಗೂ ಬಡಿಸುವುದನ್ನು ಅತ್ತೆ ನೋಡುತ್ತಿದ್ದರು. ಆಮೇಲೆ ತಟ್ಟೆಯನ್ನು ಮುಂದಕ್ಕೆ ಸರಿಸಿದರು: "ಇನ್ನೊಂದು ಸೌಟು ಹಾಕವ್ವಾ."

ಸಂಜೆ ಪಕ್ಕದ ಮನೆಯ ತೆಲುಗು ಮಾತಿನ ರಮಣಮ್ಮ ಬಂದು, ತಮ್ಮ ರೂಢಿಯಂತೆ ಸಾರಿನ ಮುಚ್ಚಳ ತೆಗೆದು, ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ ಮುಖ ಕಿವುಚಿದರು: "ಅಯ್ಯೋ, ಏಮಮ್ಮಾ ಇದಿ! ಮನಿಮಂದಿಗೆಲ್ಲಾ ಒಮ್ಮೆಗೇ ಬೀಪಿ ಬಂತೇನು?"