ಶುಗರ್ ಇಲ್ಲದವಳಿಗೆ ಇನ್ಸುಲಿನ್

ವಾಡಿಯಿಂದ ಶಹಾಬಾದಿಗೆ ರೈಲಿನಲ್ಲಿ ಬರುವ ಆ ಸ್ವಲ್ಪ ಹೊತ್ತು, ಅದೂ ಕೂರಲು ಜಾಗ ಸಿಕ್ಕರೆ, ಅನಸುಬಾಯಿಯ ಇಡೀ ದಿನದ ವಿಶ್ರಾಂತಿ. ಇಪ್ಪತ್ತಾರು ವರ್ಷದಿಂದ ಶಹಾಬಾದಿನ ಆಸ್ಪತ್ರೆಯಲ್ಲಿ ನರ್ಸು. ಮೊಣಕಾಲು ಸವೆದಿದ್ದವು, ಮಾತೂ ಸವೆದಿತ್ತು. ರೋಗಿಯ ಕಡೆಯವರು ಹತ್ತು ಸಲ ಕೇಳಿದರೆ ಒಂದು ಸಲ ಉತ್ತರ. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಐಸಿಯುನಲ್ಲಿ ಡ್ಯೂಟಿ ಮಾಡಿದವರಲ್ಲ ಬಿಡಿ.

ಆ ಮಂಗಳವಾರ ಎರಡನೇ ಹಾಸಿಗೆಯಲ್ಲಿ ಆಡಕಿ ಊರಿನ ಟೀಚರ್ ಪದ್ಮಶ್ರೀ ಎಚ್ಚರವಿಲ್ಲದೆ ಮಲಗಿದ್ದಳು. ಮೂತ್ರಪಿಂಡದ ಸೋಂಕು ರಕ್ತಕ್ಕಿಳಿದು ಬಿಪಿ ಕುಸಿದಿತ್ತು. ಹೃದಯಕ್ಕೆ ರಕ್ತ ಒತ್ತುವ ಶಕ್ತಿಯೇ ಉಳಿದಿರಲಿಲ್ಲ. ಬಿಪಿ ಏರಿಸುವ ಔಷಧಗಳನ್ನೆಲ್ಲ ಕೊಟ್ಟರೂ ಅದು ಏರಿರಲಿಲ್ಲ. ಡಾಕ್ಟರ್ ಸುಜಯ ಬೆಳಿಗ್ಗೆ ಇನ್ಸುಲಿನ್ ಪಂಪು ಹಚ್ಚಿಸಿದರು, ದೊಡ್ಡ ಪ್ರಮಾಣದಲ್ಲಿ; ಜೊತೆಗೆ ಗ್ಲೂಕೋಸ್ ಬಾಟಲಿ.

“ಸೋತ ಹೃದಯ ಸಕ್ಕರಿ ಸುಟ್ಟು ಸ್ವಲ್ಪ ಬಲ ತಗೋಬಹುದೇನೋ ಅಂತ ನೋಡಾಕತ್ತೀನಿ, ಸಿಸ್ಟರ್. ಖಾತ್ರಿ ಏನಿಲ್ಲ,” ಎಂದರು. “ಗ್ಲೂಕೋಸ್ ಮಾತ್ರ ನಿಲ್ಲಬಾರ್ದು. ಸಕ್ಕರಿ ಬಿದ್ದರ ಕೈ ಮೀರ್ತದ. ಅರ್ಧ ತಾಸಿಗೊಮ್ಮೆ ಬೆರಳು ಚುಚ್ಚಿ ನೋಡ್ರಿ.”

ಹೊರಗೆ ಬೆಂಚಿನ ಮೇಲೆ ಪದ್ಮಶ್ರೀಯ ಅತ್ತೆ ಸರಸ್ವತಿಬಾಯಿ ಕೂತಿದ್ದಳು. “ಸೊಸಿಗಿ ಏನು ಕೊಡ್ಲಿಕತ್ತೀರಿ?” ಎಂದು ಕೇಳಿದಾಗ ಅನಸುಬಾಯಿ ನಿಲ್ಲದೆ, “ಇನ್ಸುಲಿನ್ರಿ, ಬಾಯಾರ,” ಎಂದು ದಾಟಿ ಹೋದಳು. ಹೇಳಿದ್ದು ಅಷ್ಟೇ.

ಸರಸ್ವತಿಬಾಯಿಗೆ ಇನ್ಸುಲಿನ್ ಹೊಸದಲ್ಲ. ಗಂಡನಿಗೆ ಹತ್ತೊಂಬತ್ತು ವರ್ಷ ತಾನೇ ಸೂಜಿ ಚುಚ್ಚಿ, ಸಕ್ಕರೆ ಡಬ್ಬಿಗೆ ಬೀಗ ಹಾಕಿ, ಮಠದ ಪಾಯಸವನ್ನೂ ಅವರ ಎಲೆಗೆ ಬೀಳದಂತೆ ಕಾದವಳು. ಆದರೂ ಅವರು ಆ ಕಾಯಿಲೆಯಲ್ಲೇ ಹೋದರು. ಈಗ ಸೊಸೆಗೂ ಶುಗರ್ ಬಂತೆಂದುಕೊಂಡಳು. ಮಧ್ಯಾಹ್ನ ಹನ್ನೆರಡಕ್ಕೆ ಐದು ನಿಮಿಷ ಒಳಗೆ ಬಿಟ್ಟಾಗ ಕಣ್ಣಿಗೆ ಬಿದ್ದದ್ದು ಗ್ಲೂಕೋಸ್ ಬಾಟಲಿ. ಆಸ್ಪತ್ರೆಯವರ ಬುದ್ಧಿಗೆ ಮನಸ್ಸಿನಲ್ಲೇ ಛೀಮಾರಿ ಹಾಕಿ, ನಳಿಗೆಯ ಮೇಲೆ ಹನಿ ನಿಲ್ಲಿಸುವ ಪುಟ್ಟ ಗಾಲಿ ತಿರುಗಿಸಿ ಬಂದ್ ಮಾಡಿದಳು. ಸೊಸೆಯ ಹಣೆ ಸವರಿ ಹೊರಗೆ ಬಂದಳು.

ಹನ್ನೆರಡೂವರೆಗೆ ಅನಸುಬಾಯಿ ಬೆರಳು ಚುಚ್ಚಿದಳು. ಸಕ್ಕರೆ ಮೂವತ್ತೆಂಟಕ್ಕೆ ಇಳಿದಿತ್ತು. ಪದ್ಮಶ್ರೀ ಬೆವರಿನಲ್ಲಿ ತೊಯ್ದಿದ್ದಳು. ಬಾಟಲಿಯ ಹನಿ ನಿಂತಿತ್ತು. ತಕ್ಷಣ ಪಂಪು ನಿಲ್ಲಿಸಿ, ಸಿರಿಂಜಿನಲ್ಲಿ ಗ್ಲೂಕೋಸ್ ಕೊಟ್ಟು, ಡಾಕ್ಟರನ್ನು ಕೂಗಿದಳು. ಸಕ್ಕರೆ ನೂರು ದಾಟುವವರೆಗೆ ಮತ್ತೆ ಮತ್ತೆ ಬೆರಳು ಚುಚ್ಚಿ ನೋಡಿ, ಆಮೇಲೆ ಗ್ಲೂಕೋಸ್ ನಿಲ್ಲಿಸಿದ್ದು ಯಾರೆಂದು ಕೇಳಿದಳು.

“ಶುಗರ್ ಇದ್ದವರಿಗಿ ಸಕ್ಕರಿ ನೀರು ಯಾರರೆ ಕೊಡ್ತಾರೇನ್ರಿ? ನಾನೇ ಬಂದ್ ಮಾಡೀನಿ,” ಎಂದಳು ಸರಸ್ವತಿಬಾಯಿ, ಬಾಗಿಲಲ್ಲಿ ನಿಂತು.

ಬೈಯಲು ಬಾಯಿ ತೆರೆದ ಅನಸುಬಾಯಿಗೆ ಬೆಳಿಗ್ಗೆ ತಾನು ಎಸೆದು ಹೋದ ಒಂದೇ ಮಾತು ನೆನಪಾಯಿತು. ನಾಚಿಕೆಯಾಯಿತು. “ನಿಮ್ಮ ಸೊಸಿಗಿ ಶುಗರ್ ಇಲ್ಲ, ಬಾಯಾರ. ಇನ್ಸುಲಿನ್ ಕೊಡಾಕತ್ತಿದ್ದು ಹೃದಯಕ್ಕ. ಅಕಿನ್ನ ಕಾಯೋದು ಆ ಗ್ಲೂಕೋಸೇ. ಬೆಳಿಗ್ಗಿ ನಾನು ನಿಂತು ಹೇಳಬೇಕಾಗಿತ್ತು.”

ಸರಸ್ವತಿಬಾಯಿ ಗಾಲಿ ತಿರುಗಿಸಿದ ತನ್ನ ಬೆರಳುಗಳನ್ನೇ ನೋಡಿಕೊಂಡಳು.

ನಾಲ್ಕನೇ ದಿನ ಔಷಧದ ಆಸರೆಯಿಲ್ಲದೆಯೇ ಬಿಪಿ ಸ್ಥಿರವಾಯಿತು. ಇನ್ಸುಲಿನ್ನಿನಿಂದಲೋ, ಸೋಂಕಿನ ಔಷಧದಿಂದಲೋ, ಡಾಕ್ಟರಿಗೂ ಗೊತ್ತಿಲ್ಲ. ಕಣ್ಣು ಬಿಟ್ಟ ಪದ್ಮಶ್ರೀ ಎರಡು ದಿನ ಕಳೆದು ಚಹಾ ಕೇಳಿದಳು, ಡಾಕ್ಟರೂ ಒಪ್ಪಿದರು. ಸರಸ್ವತಿಬಾಯಿ ಚಹಾದ ಕಪ್ ಹಿಡಿದು ಬಂದವಳು ಸಕ್ಕರೆ ಹಾಕುವ ಧೈರ್ಯ ಸಾಲದೆ ಅನಸುಬಾಯಿಯ ಎದುರು ನಿಂತಳು.

“ಎಷ್ಟು ಹಾಕ್ಲಿರಿ, ಸಿಸ್ಟರ್? ಹಾಕಬೇಕೋ ಬ್ಯಾಡೋ?”

ಡ್ಯೂಟಿ ಮುಗಿದಿತ್ತು. ವಾಡಿಯ ರೈಲಿಗೆ ಹತ್ತೇ ನಿಮಿಷ. ಅನಸುಬಾಯಿ ಹೆಗಲ ಚೀಲ ಇಳಿಸಿ ಬೆಂಚಿನ ಮೇಲೆ ಕುಳಿತಳು.

“ಕುಂದ್ರಿ, ಬಾಯಾರ. ಹೇಳ್ತೀನಿ.”