ಮಗ್ಗ ನಿಂತ ಮೇಲೆ ಕೇಳಿದ ಪ್ರಶ್ನೆಗಳು

ಮುಧೋಳದ ಕಬ್ಬಿನ ಗದ್ದೆಯಿಂದ ಬನಹಟ್ಟಿಯ ನೇಕಾರ ಓಣಿಯವರೆಗೆ ಜೀವವಿಮೆಯನ್ನು ಮನೆಮಾತಾಗಿಸಿದವರಲ್ಲಿ ಮೊದಲು ನೆನಪಾಗುವ ಹೆಸರು, ಅಭಿವೃದ್ಧಿ ಅಧಿಕಾರಿ ಶ್ರೀ ಗಿರಿಮಲ್ಲಪ್ಪ ಹಿಪ್ಪರಗಿಯವರದು. ಬೀಳಗಿಯ ಹಳ್ಳಿಗಳಲ್ಲಿ ಸೈಕಲ್ ತುಳಿಯುತ್ತ ಏಜೆಂಟರಾಗಿ ಆರಂಭಿಸಿ, ಜಮಖಂಡಿ ಶಾಖೆಯಲ್ಲಿ ಮೂವತ್ನಾಲ್ಕು ವರ್ಷಗಳ ಸೇವೆ ಮುಗಿಸಿ ಅವರೀಗ ನಿವೃತ್ತರಾಗುತ್ತಿದ್ದಾರೆ. ಅವರು ತಯಾರು ಮಾಡಿದ ಏಜೆಂಟರಲ್ಲಿ ಕಡೆಯವಳು ಗೌತಮಿ.

ಪದವಿ ಮುಗಿಸಿದ್ದ ಗೌತಮಿಗೆ ದಿನಚರಿಯ ಹಾಳೆಯ ಮುಂದೆ ಬರುತ್ತಿದ್ದ ಮಾತು ಮನುಷ್ಯರ ಮುಂದೆ ಬರುತ್ತಿರಲಿಲ್ಲ. ಏಜೆಂಟ್ ಪರೀಕ್ಷೆ ಪಾಸಾದಾಗ ಮನೆಯವರೇ ನಕ್ಕಿದ್ದರು. ಅಂಥವಳು ಎರಡೇ ವಾರದಲ್ಲಿ, ಬನಹಟ್ಟಿಯ ನೇಕಾರ ಲಗಮಣ್ಣನಿಂದ ಸಹಿ ಮಾಡಿಸಿಕೊಂಡು, ಮೊದಲ ಅರ್ಜಿಯನ್ನು ಎದೆಗವಚಿ ಶಾಖೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಹಿಪ್ಪರಗಿಯವರು ಅರ್ಜಿಯನ್ನು ತೆರೆಯಲೇ ಇಲ್ಲ.

"ಪ್ರಶ್ನೆ ಕೇಳೂ ಮುಂದ ಮಗ್ಗ ನಿಂತಿತ್ತೇನವ್ವಾ?"

"ಇಲ್ರೀ ಸರ್. ಆದ್ರ ಜಡ್ಡು ಏನೂ ಇಲ್ಲಲ್ರೀ ಅಂದಿದ್ದಕ್ಕೆಲ್ಲಾ ಗೋಣು ಹಾಕಿದ್ರು."

"ಮಗ್ಗದ ಸಪ್ಪಳದಾಗ ಏನೂ ಕೇಳಸೂದಿಲ್ಲ, ಕುಂತಾವನ ಗೋಣು ಸುಮ್ಮನೂ ಅಲ್ಲಾಡತೈತಿ. ನಡಿ, ಬಸ್ ಹಿಡಿಯೂಣು."

ಮೊದಲ ಅರ್ಜಿಯೇ ಕೈಬಿಟ್ಟೀತೆಂಬ ಭಯದಲ್ಲಿ ಅವಳು ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಅವಚಿಕೊಂಡೇ ಕುಳಿತಳು. ಲಗಮಣ್ಣನ ಮನೆಯಲ್ಲಿ ಹಿಪ್ಪರಗಿಯವರು ಸದ್ದಿಲ್ಲದೆ ಕಟ್ಟೆಯ ಮೇಲೆ ಕುಳಿತರು. ಎಳೆ ಹರಿದು ಮಗ್ಗ ನಿಂತೊಡನೆ, ಲಗಮಣ್ಣನ ಹೆಂಡತಿ ಹಾಲವ್ವನನ್ನೂ ಕರೆಸಿ ಕೂರಿಸಿ, "ಈಗ ಓದವ್ವಾ, ಮೊದಲಿಂದ" ಎಂದರು.

ಆ ಮೌನದಲ್ಲಿ ಗೌತಮಿಯ ಸಣ್ಣ ದನಿ ಗೋಡೆಗೋಡೆಗೂ ಕೇಳಿಸಿತು. ಹಿಂದೆ ಯಾವುದಾದರೂ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದೀರಾ ಎಂಬ ಪ್ರಶ್ನೆ ಬಂತು.

"ಮೂರು ವರ್ಷದ ಹಿಂದ ಟಿ.ಬಿ.ಗೆ ಆರು ತಿಂಗಳು ಗುಳಿಗಿ ನುಂಗ್ಯಾರಲ್ಲ!" ಎಂದಳು ಹಾಲವ್ವ.

"ಏ, ಸುಮ್ಮನಿರ! ಹುಡುಗಿ ಮೊದಲ್ನೇ ಬೋಣಿಗಿ ಕೆಡಸ್ತೀ" ಎಂದು ಲಗಮಣ್ಣ ಗದರಿದ.

"ಬೋಣಿಗಿ ನಾಳೆ ಆದೀತ್ರೀ" ಎಂದರು ಹಿಪ್ಪರಗಿಯವರು. "ನೀವಿಲ್ಲದ ದಿನ ಈ ಕಾಗದ ಹಿಡಕೊಂಡು ಬರಾಕಿ ಹಾಲವ್ವ. ಸುಳ್ಳು ಬರದ್ರ ರೊಕ್ಕ ಸಿಗೂದಿಲ್ಲ, ಆಗ ಆಕಿಗೆ ನಾವ್ ಏನ್ ಹೇಳೂಣು?"

ತಾನು ಬರೆದಿದ್ದ 'ಇಲ್ಲ' ಎಂಬ ಉತ್ತರ ಯಾರ ಕೈಗೆ ಬರಲಿತ್ತೆಂಬುದು ಗೌತಮಿಗೆ ಆಗ ಹೊಳೆಯಿತು. ಹೊಸ ಅರ್ಜಿ ತೆಗೆದು ಎಲ್ಲವನ್ನೂ ಇದ್ದ ಹಾಗೆ ಬರೆದಳು. ಎದೆಯ ಎಕ್ಸ್-ರೇ ಆಯಿತು, ಹಳೆಯ ಚೀಟಿಗಳು ಮೇಲಿನ ಕಚೇರಿಗೆ ಹೋದವು. ಹತ್ತೊಂಬತ್ತನೆಯ ದಿನ, ಕಂತು ತುಸು ಹೆಚ್ಚಾದರೂ, ಅರ್ಜಿ ಮಂಜೂರಾಯಿತು! ಕುಣಿಯುವ ಮನಸ್ಸಿದ್ದವಳಿಗೆ ಹಿಪ್ಪರಗಿಯವರು ಒಂದೇ ಮಾತು ಹೇಳಿ ಕಳಿಸಿದರು: "ಬಾಂಡ್ ಲಗಮಣ್ಣನ ಕೈಯಾಗ ಅಲ್ಲ, ಹಾಲವ್ವನ ಕೈಯಾಗ ಕೊಡು."

ಅವಳ ದಿನಚರಿಯಲ್ಲಿ, ಬಾಂಡ್ ಕೊಟ್ಟು ಬಂದ ಆ ದಿನಕ್ಕೆ ಮೂರು ಪುಟ ಹಿಡಿದಿದೆ.

ಕಳೆದ ವಾರ ಅವಳು ಒಬ್ಬಳೇ ಆ ಓಣಿಗೆ ಹೋಗಿದ್ದಳು. ಹೊಸ್ತಿಲಲ್ಲಿದ್ದ ಹಾಲವ್ವ ಒಳಗೆ ಕೂಗಿದಳು: "ಮಗ್ಗ ನಿಂದರಸ್ರೀ, ನಮ್ಮ ವಿಮಾದಾಕಿ ಬಂದಾಳ!" ಆಚೆ ಮನೆಯವರೂ ತಮ್ಮ ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದರು.

ನಿವೃತ್ತಿಯ ನಂತರ ರಬಕವಿಯಲ್ಲಿ ಏಜೆಂಟ್ ಪರೀಕ್ಷೆಯ ಮಕ್ಕಳಿಗೆ ಪಾಠ ಹೇಳಲಿರುವ ಗುರುಗಳಿಗೆ ಆಯುಷ್ಯವೂ ಆರೋಗ್ಯವೂ ತುಂಬಿ ಬರಲಿ. ಮಾತು ಬಾರದ ಇನ್ನೂ ಎಷ್ಟೋ ಹುಡುಗಿಯರ ದನಿ ಕೇಳಿಸುವಂತೆ, ಅವರು ಇನ್ನೂ ಎಷ್ಟೋ ಕಟ್ಟೆಗಳ ಮೇಲೆ ಸುಮ್ಮನೆ ಕಾದು ಕುಳಿತಿರಲಿ.